ಕುದುರೆ ರೇಸಿನ ಮುನ್ನೋಟ ಸೇವೆ: ಆಯ್ಕೆಗಿಂತ ಟಿಪ್ಪಣಿಯೇ ಗಟ್ಟಿ

ರೇಸಿನ ಹಿಂದಿನ ಸಂಜೆ ಪ್ರತಿಯೊಂದು ಓಟದ ಮುನ್ನೋಟವನ್ನೂ, ಓಡಲಿರುವ ಪ್ರತಿಯೊಂದು ಕುದುರೆಯ ಬಗ್ಗೆ ನಾಲ್ಕಾರು ಸಾಲಿನ ಟಿಪ್ಪಣಿಯನ್ನೂ, ಕೊನೆಯಲ್ಲಿ ಗೆಲ್ಲಬಹುದಾದ ಕುದುರೆಯ ಹೆಸರನ್ನೂ ಮೊಬೈಲಿಗೆ ತಲುಪಿಸುವ ಒಂದು ಚಂದಾ ಸೇವೆಯನ್ನು ಇಡೀ ಋತುವಿನ ಉದ್ದಕ್ಕೂ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಹೇಳುತ್ತಿಲ್ಲ. ಇದರಲ್ಲಿ ಕಂಡ ಗುಣಗಳೂ ಕೊರತೆಗಳೂ ಈ ಬಗೆಯ ಬಹುಪಾಲು ಸೇವೆಗಳಲ್ಲಿ ಹೆಚ್ಚುಕಡಿಮೆ ಇದೇ ರೂಪದಲ್ಲಿ ಸಿಗುತ್ತವೆ ಮತ್ತು ಚಂದಾ ಕಟ್ಟುವ ಮುನ್ನ ಏನನ್ನು ನೋಡಬೇಕೆಂಬುದು ಓದುಗರಿಗೆ ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತೀರ್ಮಾನವನ್ನು ಮೊದಲೇ ಹೇಳುವುದಾದರೆ, ಈ ಸೇವೆ ದಪ್ಪ ಅಕ್ಷರಗಳಲ್ಲಿ ಮಾರುವ ‘ದಿನದ ಉತ್ತಮ’ ಆಯ್ಕೆಯೇ ಅದರ ಅತ್ಯಂತ ದುರ್ಬಲ ಭಾಗ; ಯಾರೂ ಅಷ್ಟಾಗಿ ಓದದ ಟಿಪ್ಪಣಿಗಳು ಮತ್ತು ಓಟದ ಗತಿಯ ನಕ್ಷೆ ಅದರ ನಿಜವಾದ ಬಂಡವಾಳ.

ಟಿಪ್ಪಣಿಗಳಿಂದಲೇ ಆರಂಭಿಸುತ್ತೇನೆ. ರೇಸ್ ಕಾರ್ಡಿನಲ್ಲಿ ಕುದುರೆಯ ಹೆಸರಿನ ಪಕ್ಕದಲ್ಲಿ ಅಚ್ಚಾಗುವ ಹಿಂದಿನ ಓಟಗಳ ಸ್ಥಾನಗಳು, ಅಂದರೆ 5, 2, 7 ಎಂಬಂಥ ಅಂಕಿಗಳು, ಹೊಸಬರನ್ನು ಎಷ್ಟು ಆಕರ್ಷಿಸುತ್ತವೆಯೋ ಅಷ್ಟೇ ದಾರಿ ತಪ್ಪಿಸುತ್ತವೆ. ನಿಧಾನಗತಿಯಲ್ಲಿ ಸಾಗಿದ ಓಟದಲ್ಲಿ ಹಿಂದೆ ಉಳಿದಿದ್ದ ಕುದುರೆ ಕೊನೆಯ ಎರಡು ಫರ್ಲಾಂಗುಗಳನ್ನು ಉಳಿದೆಲ್ಲವಕ್ಕಿಂತ ವೇಗವಾಗಿ ಓಡಿಯೂ ಐದನೆಯದಾಗಿ ಮುಗಿಸಬಹುದು, ಏಕೆಂದರೆ ಮುಂದಿದ್ದ ಕುದುರೆಗಳು ಅಲ್ಲಿಯವರೆಗೂ ಶಕ್ತಿಯನ್ನು ಉಳಿಸಿಕೊಂಡಿರುತ್ತವೆ. ಅದೇ ಕುದುರೆ ಮುಂದಿನ ಬಾರಿ ವೇಗದ ಓಟ ಸಿಕ್ಕಾಗ ಗೆದ್ದರೆ ಸ್ಥಾನಗಳನ್ನಷ್ಟೇ ನೋಡಿದವರಿಗೆ ಅದು ಆಶ್ಚರ್ಯವೆನಿಸುತ್ತದೆ. ಈ ಸೇವೆಯ ಟಿಪ್ಪಣಿಕಾರರು ಹಿಂದಿನ ಓಟವನ್ನು ನಿಜವಾಗಿಯೂ ಕುಳಿತು ನೋಡಿರುತ್ತಾರೆ. ಕುದುರೆ ಸ್ಟಾರ್ಟಿಂಗ್ ಗೇಟಿನಿಂದ ತಡವಾಗಿ ಹೊರಬಿತ್ತೇ, ತಿರುವಿನಲ್ಲಿ ಹೊರಬದಿಗೆ ತಳ್ಳಲ್ಪಟ್ಟು ಹೆಚ್ಚು ನೆಲ ಕ್ರಮಿಸಬೇಕಾಯಿತೇ, ನೇರ ಹಾದಿಯಲ್ಲಿ ಮುಂದೆ ಜಾಗ ಸಿಗದೆ ಜಾಕಿ ಲಗಾಮು ಬಿಗಿಹಿಡಿಯಬೇಕಾಯಿತೇ, ಗೆದ್ದಾಗ ತನ್ನಿಷ್ಟದಂತೆ ಯಾರ ಕಾಟವೂ ಇಲ್ಲದೆ ಮುಂದೆ ಓಡಲು ಬಿಟ್ಟಿದ್ದರೇ ಎಂಬ ವಿವರಗಳು ಅಲ್ಲಿ ಇರುತ್ತವೆ. ಇವುಗಳಲ್ಲಿ ಕೊನೆಯದನ್ನು ಬರೆಯುವವರು ಅಪರೂಪ. ಸೋಲಿಗೆ ಕಾರಣ ಹುಡುಕುವವರು ಬಹಳ ಮಂದಿ ಇದ್ದಾರೆ. ಗೆಲುವಿಗೆ ಕುದುರೆಯ ಸಾಮರ್ಥ್ಯವಲ್ಲದೆ ಬೇರೆ ಕಾರಣವೂ ಇದ್ದಿರಬಹುದೆಂದು ಎಚ್ಚರಿಸುವ ಟಿಪ್ಪಣಿಯೇ ಓದುಗನ ಹಣವನ್ನು ಉಳಿಸುತ್ತದೆ.

ಎಲ್ಲ ಟಿಪ್ಪಣಿಗಳೂ ಒಂದೇ ಮಟ್ಟದವಲ್ಲ ಎಂಬುದನ್ನೂ ಹೇಳಬೇಕು. ಐದಾರು ಫರ್ಲಾಂಗುಗಳ ಓಟಗಳನ್ನು ಬರೆಯುವ ಕೈ ಬಲು ಚುರುಕಾದುದು. ದೂರದ ಓಟಗಳ ಹೊಣೆ ಹೊತ್ತವರು ಮಾತ್ರ ‘ಕಡೆಗಣಿಸುವಂತಿಲ್ಲ’ ಎಂಬ ಒಂದೇ ಪದವನ್ನು ಎಲ್ಲ ಕುದುರೆಗಳ ಕೊರಳಿಗೂ ಕಟ್ಟುತ್ತಾರೆ. ಹನ್ನೆರಡು ಕುದುರೆಗಳ ಓಟದಲ್ಲಿ ಏಳನ್ನು ಕಡೆಗಣಿಸುವಂತಿಲ್ಲವೆಂದರೆ ಆ ಮುನ್ನೋಟವನ್ನೇ ಕಡೆಗಣಿಸಬಹುದು. ಮೊದಲ ಬಾರಿ ಓಡುವ ಎರಡು ವರ್ಷದ ಮರಿಗಳ ವಿಷಯದಲ್ಲಿ ಟಿಪ್ಪಣಿ ತಂದೆತಾಯಿಯ ವಂಶ ಮತ್ತು ತರಬೇತುದಾರರ ಹೆಸರಿನ ಆಚೆಗೆ ಹೋಗುವುದಿಲ್ಲ. ಓಡಿಯೇ ಇರದ ಕುದುರೆಯ ಬಗ್ಗೆ ಅದಕ್ಕಿಂತ ಹೆಚ್ಚನ್ನು ಯಾರಿಂದಲೂ ನಿರೀಕ್ಷಿಸಲಾಗದು.

ಇನ್ನು ರೇಟಿಂಗುಗಳು. ಪ್ರತಿಯೊಂದು ಕುದುರೆಯ ಸಾಮರ್ಥ್ಯವನ್ನೂ ಪೌಂಡುಗಳ ಲೆಕ್ಕದ ಒಂದು ಅಂಕಿಯಲ್ಲಿ ಹೇಳುವ ಪದ್ಧತಿ ಹ್ಯಾಂಡಿಕ್ಯಾಪ್ ಓಟಗಳಿಂದ ಬಂದುದು. ಅಲ್ಲಿ ಅಧಿಕೃತ ಹ್ಯಾಂಡಿಕ್ಯಾಪರ್ ಬಲಿಷ್ಠ ಕುದುರೆಗೆ ಹೆಚ್ಚು ಭಾರವನ್ನೂ ದುರ್ಬಲ ಕುದುರೆಗೆ ಕಡಿಮೆ ಭಾರವನ್ನೂ ಹೊರಿಸಿ ಎಲ್ಲವನ್ನೂ ಸಮಕ್ಕೆ ತರಲು ಯತ್ನಿಸುತ್ತಾರೆ. ವಯಸ್ಸಿಗೆ ತಕ್ಕ ಭಾರದ ಕೋಷ್ಟಕವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಡ್ಮಿರಲ್ ಹೆನ್ರಿ ರೌಸ್ ರೂಪಿಸಿದ ಮೇಲೆ ಈ ಲೆಕ್ಕಾಚಾರಕ್ಕೆ ಒಂದು ಶಿಸ್ತು ಬಂತು. ಗೆಲುವಿನ ಅಂತರವನ್ನು ಭಾರಕ್ಕೆ ಪರಿವರ್ತಿಸುವಾಗ ಐದು ಫರ್ಲಾಂಗಿನ ಓಟದಲ್ಲಿ ಒಂದು ಲೆಂತ್ (ಒಂದು ಕುದುರೆಯ ಮೈಯುದ್ದದಷ್ಟು ಅಂತರ) ಅಂದರೆ ಸುಮಾರು 3 ಪೌಂಡು, ಒಂದು ಮೈಲಿಯಲ್ಲಿ ಸುಮಾರು 2 ಪೌಂಡು, ಎರಡು ಮೈಲಿಯಲ್ಲಿ ಸುಮಾರು 1 ಪೌಂಡು ಎಂದು ಹಿಡಿಯುವುದು ರೂಢಿ. ಬ್ರಿಟನ್ನಿನ ಟೈಮ್‌ಫಾರ್ಮ್ ಸಂಸ್ಥೆಯನ್ನು 1948ರಲ್ಲಿ ಸ್ಥಾಪಿಸಿದ ಫಿಲ್ ಬುಲ್ ಈ ಬಗೆಯ ರೇಟಿಂಗುಗಳನ್ನು ಜನಸಾಮಾನ್ಯರ ಕೈಗೆ ತಂದವರಲ್ಲಿ ಪ್ರಮುಖರು. ಆ ಸಂಸ್ಥೆಯ ಪಟ್ಟಿಯಲ್ಲಿ 1965ರ ಸೀ ಬರ್ಡ್ 145ನ್ನೂ 2012ರ ಫ್ರಾಂಕೆಲ್ 147ನ್ನೂ ಪಡೆದಿವೆ. ಅಂಕಿಯ ಪಕ್ಕದಲ್ಲಿ ಅವರು ಹಾಕುವ ಪುಟ್ಟ ಗುರುತುಗಳು, ಅಂದರೆ ಈ ಕುದುರೆ ಇನ್ನೂ ಸುಧಾರಿಸಬಹುದು, ಇದನ್ನು ನಂಬುವಂತಿಲ್ಲ ಎಂದು ಸೂಚಿಸುವ ಚಿಹ್ನೆಗಳು, ನನ್ನ ದೃಷ್ಟಿಯಲ್ಲಿ ಅಂಕಿಯಷ್ಟೇ ಮುಖ್ಯವಾದವು. ಅಂಕಿ ಈವರೆಗಿನ ಸಾಧನೆಯನ್ನು ಹೇಳುತ್ತದೆ, ಗುರುತು ಅದರ ಮೇಲೆ ಎಷ್ಟು ಭಾರ ಹಾಕಬಹುದೆಂಬುದನ್ನು ತಿಳಿಸುತ್ತದೆ.

ನಾನು ಬಳಸಿದ ಸೇವೆಯಲ್ಲಿ ಅಂಥ ಗುರುತುಗಳಿಲ್ಲ. ಬರೀ ಅಂಕಿ ಇದೆ, ಅದರಲ್ಲಿ ಅತಿ ದೊಡ್ಡದಕ್ಕೆ ಹಸಿರು ಬಣ್ಣ ಬಳಿದಿದ್ದಾರೆ. ಎರಡು ಕುದುರೆಗಳ ನಡುವೆ ಒಂದೇ ಪೌಂಡಿನ ವ್ಯತ್ಯಾಸವಿದ್ದಾಗಲೂ ಒಂದು ಹಸಿರಾಗಿ ಇನ್ನೊಂದು ಬೂದು ಬಣ್ಣದಲ್ಲಿ ಉಳಿಯುತ್ತದೆ. ಒಂದು ಮೈಲಿಯ ಓಟದಲ್ಲಿ ಆ ವ್ಯತ್ಯಾಸ ಅರ್ಧ ಲೆಂತ್, ಅಂದರೆ ಜಾಕಿಯ ಒಂದು ಕ್ಷಣದ ಹಿಂಜರಿಕೆಯಲ್ಲಿ ಕರಗಿಹೋಗುವಷ್ಟು. ಇದಕ್ಕಿಂತ ಗಂಭೀರವಾದ ದೋಷವೆಂದರೆ ಈ ಅಂಕಿ ಯಾವ ಆಧಾರದ್ದು ಎಂಬುದನ್ನು ಸೇವೆ ಎಲ್ಲಿಯೂ ವಿವರಿಸುವುದಿಲ್ಲ. ಒಂದು ಕುದುರೆಯನ್ನು ಇನ್ನೊಂದರೊಂದಿಗೆ ಭಾರ ಮತ್ತು ಅಂತರಗಳ ಮೂಲಕ ಹೋಲಿಸಿ ಪಡೆಯುವ ರೇಟಿಂಗ್ ಒಂದು ಬಗೆಯದು. ಗಡಿಯಾರದ ಸಮಯವನ್ನು ತೆಗೆದುಕೊಂಡು, ಆ ದಿನದ ಟ್ರ್ಯಾಕ್ ಎಷ್ಟು ವೇಗವಾಗಿತ್ತು ಅಥವಾ ನಿಧಾನವಾಗಿತ್ತು ಎಂಬುದನ್ನು ಸರಿದೂಗಿಸಿ ಪಡೆಯುವ ವೇಗಾಂಕ ಇನ್ನೊಂದು ಬಗೆಯದು. ಅಮೆರಿಕದ ಆಂಡ್ರ್ಯೂ ಬೇಯರ್ ರೂಪಿಸಿದ, 1992ರಿಂದ ಅಲ್ಲಿನ ಡೈಲಿ ರೇಸಿಂಗ್ ಫಾರ್ಮ್ ಪತ್ರಿಕೆ ಪ್ರಕಟಿಸುತ್ತಿರುವ ಅಂಕಗಳು ಈ ಎರಡನೆಯ ಬಗೆಯವು. ಮೊದಲಿನಿಂದಲೂ ಬಿರುಸಾಗಿ ಓಡುವ ಓಟಗಳಲ್ಲಿ ವೇಗಾಂಕ ಚೆನ್ನಾಗಿ ಕೆಲಸ ಮಾಡುತ್ತದೆ; ನಿಧಾನವಾಗಿ ಆರಂಭವಾಗಿ ಕೊನೆಯಲ್ಲಷ್ಟೇ ಓಡುವ ಹುಲ್ಲುಹಾಸಿನ ಓಟಗಳಲ್ಲಿ ಒಳ್ಳೆಯ ಕುದುರೆಗೂ ಅದು ಕೆಟ್ಟ ಅಂಕಿ ಕೊಡುತ್ತದೆ. ಎರಡನ್ನೂ ಬೆರೆಸಿ ಒಂದೇ ಅಂಕಿ ಮಾಡಿದರೆ ಯಾವ ಓಟದಲ್ಲಿ ಅದನ್ನು ನಂಬಬೇಕು, ಯಾವುದರಲ್ಲಿ ಬಿಡಬೇಕು ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಗತಿಯ ನಕ್ಷೆ ಈ ಸೇವೆಯ ಹೆಮ್ಮೆಯಾಗಬೇಕಿತ್ತು. ವಿಚಿತ್ರವೆಂದರೆ ಅದನ್ನು ಮೂರನೆಯ ಪುಟದ ಕೆಳಗೆ ಅಡಗಿಸಿಟ್ಟಿದ್ದಾರೆ. ಯಾವ ಕುದುರೆ ಮುಂದೆ ಓಡಲು ಬಯಸುತ್ತದೆ, ಯಾವುದು ನಡುವೆ ಕಾಯುತ್ತದೆ, ಯಾವುದು ಕೊನೆಯಿಂದ ನುಗ್ಗುತ್ತದೆ ಎಂಬುದನ್ನು ಡ್ರಾ ಸಂಖ್ಯೆಯೊಂದಿಗೆ (ಸ್ಟಾರ್ಟಿಂಗ್ ಗೇಟಿನಲ್ಲಿ ಕುದುರೆಗೆ ಸಿಕ್ಕ ಜಾಗದ ಸಂಖ್ಯೆ) ಚಿತ್ರದಲ್ಲಿ ತೋರಿಸುವ ಈ ನಕ್ಷೆ, ಓಟ ಆರಂಭವಾಗುವ ಮುನ್ನವೇ ಅದನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿ ನೋಡಲು ನೆರವಾಗುತ್ತದೆ. ಮುಂದೆ ಓಡುವ ಸ್ವಭಾವದ ಕುದುರೆ ಒಂದೇ ಒಂದಿದ್ದರೆ ಅದು ತನಗೆ ಬೇಕಾದ ವೇಗವನ್ನು ತಾನೇ ನಿರ್ಧರಿಸಿ, ಕೊನೆಗೆ ಬೇಕಾದ ಉಸಿರನ್ನು ಉಳಿಸಿಕೊಂಡು, ರೇಟಿಂಗಿನಲ್ಲಿ ತನಗಿಂತ ಮೇಲಿರುವವನ್ನೂ ಹಿಂದಿಕ್ಕಬಲ್ಲದು. ಅಂಥವು ನಾಲ್ಕಿದ್ದರೆ ಅವು ಒಂದನ್ನೊಂದು ದಣಿಸಿ ಹಿಂದಿನಿಂದ ಬರುವ ಕುದುರೆಗೆ ದಾರಿ ಮಾಡಿಕೊಡುತ್ತವೆ. ಟ್ರ್ಯಾಕಿನ ಆಕಾರವೂ ಇದರೊಂದಿಗೆ ಸೇರುತ್ತದೆ. ಇಂಗ್ಲೆಂಡಿನ ಚೆಸ್ಟರ್ ಟ್ರ್ಯಾಕಿನ ಸುತ್ತಳತೆ ಒಂದು ಮೈಲಿಗಿಂತ ತುಸು ಹೆಚ್ಚಷ್ಟೇ. ಕುದುರೆಗಳು ಬಹುಪಾಲು ದೂರ ಎಡಕ್ಕೆ ತಿರುಗುತ್ತಲೇ ಓಡಬೇಕಾದ ಅಲ್ಲಿನ ಐದು ಫರ್ಲಾಂಗಿನ ಓಟಗಳಲ್ಲಿ ಒಳಬದಿಯ ಡ್ರಾ ಪಡೆದ ಕುದುರೆಗೆ ಸಿಗುವ ಅನುಕೂಲ ಎಷ್ಟೋ ಪೌಂಡಿನ ರೇಟಿಂಗಿಗೆ ಸಮನಾಗಬಲ್ಲದು.

ಗತಿ ಫಲಿತಾಂಶವನ್ನು ಎಷ್ಟರಮಟ್ಟಿಗೆ ತಿರುಗಿಸಬಲ್ಲದೆಂಬುದಕ್ಕೆ ಅಮೆರಿಕದ ಪ್ರಸಿದ್ಧ ಓಟವಾದ ಕೆಂಟಕಿ ಡರ್ಬಿಯ 2022ರ ಆವೃತ್ತಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೊದಲ ಕಾಲು ಮೈಲಿ 21.78 ಸೆಕೆಂಡುಗಳಲ್ಲಿ ಮುಗಿಯಿತು. ಆ ಓಟದ ಇತಿಹಾಸದಲ್ಲೇ ಅದು ಅತಿ ವೇಗದ ಆರಂಭ. ಮುಂದೆ ಓಡಿದ ಕುದುರೆಗಳು ಕುಸಿದವು, ಬಹಳ ಹಿಂದಿದ್ದ ರಿಚ್ ಸ್ಟ್ರೈಕ್ ಒಳಬದಿಯ ಬೇಲಿಯನ್ನು ಹಿಡಿದು ಬಂದು 80ಕ್ಕೆ 1ರ ದರದಲ್ಲಿ, ಅಂದರೆ 1 ಕಟ್ಟಿದವರಿಗೆ 80 ಲಾಭ ಎಂಬ ದರದಲ್ಲಿ, ಗೆದ್ದಿತು. ಆ ಕುದುರೆ ಓಟಕ್ಕೆ ಸೇರಿದ್ದೇ ಹಿಂದಿನ ದಿನ, ಇನ್ನೊಂದು ಕುದುರೆಯನ್ನು ಹಿಂತೆಗೆದುಕೊಂಡಾಗ. ಅದಕ್ಕೂ ಮೊದಲು ಬರೆದ ಮುನ್ನೋಟಗಳಲ್ಲಿ ಅದಕ್ಕೆ ಗಂಭೀರ ಸ್ಥಾನ ಸಿಗುವ ಸಂಭವವೇ ಇರಲಿಲ್ಲ. ಅದನ್ನು ಆಯ್ದುಕೊಳ್ಳಬೇಕಿತ್ತೆಂದು ಯಾವ ಮುನ್ನೋಟಕಾರರನ್ನೂ ದೂರಲಾಗದು, ಆದರೆ ಮುಂದೆ ಓಡುವವು ಹೆಚ್ಚಿವೆ, ಓಟ ಹಿಂದಿನಿಂದ ಬರುವ ಕುದುರೆಗಳಿಗೆ ಒಲಿಯಬಹುದು ಎಂದು ಹೇಳುವುದು ಸಾಧ್ಯ. ಮುನ್ನೋಟದಿಂದ ನ್ಯಾಯವಾಗಿ ಕೇಳಬಹುದಾದುದು ಅಷ್ಟು.

ಸೇವೆ ಎಡವುವುದೂ ಇದೇ ಜಾಗದಲ್ಲಿ. ಬೆಳಿಗ್ಗೆ ಒಂದು ಕುದುರೆ ಹಿಂದೆಗೆದಾಗ ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೆರೆ ಎಳೆಯುತ್ತಾರೆ, ಅಷ್ಟೇ. ಹಿಂದೆಗೆದದ್ದು ಮುಂದೆ ಓಡಬೇಕಿದ್ದ ಎರಡು ಕುದುರೆಗಳಲ್ಲಿ ಒಂದಾಗಿದ್ದರೆ ಉಳಿದ ಇನ್ನೊಂದರ ಭಾಗ್ಯವೇ ಬದಲಾಗುತ್ತದೆ, ಇಡೀ ಓಟವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಮುನ್ನೋಟ ಮಾತ್ರ ಹಿಂದಿನ ಸಂಜೆಯ ಮಾತನ್ನೇ ಹೇಳುತ್ತ ನಿಂತಿರುತ್ತದೆ. ನೆಲದ ಸ್ಥಿತಿಯ ವಿಷಯದಲ್ಲೂ ಇದೇ ಕಥೆ. ರಾತ್ರಿ ಮಳೆ ಬಂದು ಗಟ್ಟಿ ನೆಲ ಮೆತ್ತಗಾದರೆ, ಗಟ್ಟಿ ನೆಲದಲ್ಲಷ್ಟೇ ಗೆದ್ದಿರುವ ಹಗುರ ಹೆಜ್ಜೆಯ ಕುದುರೆಯ ಮೇಲೆ ಕಟ್ಟಿದ ವಾದವೆಲ್ಲ ಕುಸಿಯುತ್ತದೆ. ಸೇವೆಯ ಟಿಪ್ಪಣಿಗಳು ಯಾವ ಕುದುರೆಗೆ ಯಾವ ನೆಲ ಹಿಡಿಸುತ್ತದೆಂಬುದನ್ನು ಸೊಗಸಾಗಿ ಹೇಳುತ್ತವೆ, ಆದರೆ ಆಯ್ಕೆಯನ್ನು ಆ ಟಿಪ್ಪಣಿಗಳಿಗೆ ಅನುಸಾರವಾಗಿ ಬದಲಿಸುವ ಕಷ್ಟವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಒಂದೇ ಪುಟದಲ್ಲಿ ‘ಮೆತ್ತನೆಯ ನೆಲ ಇದಕ್ಕೆ ಆಗದು’ ಎಂಬ ಮಾತೂ, ನೆಲ ಮೆತ್ತಗಿದೆಯೆಂಬ ಸೂಚನೆಯೂ, ಅದೇ ಕುದುರೆ ಗೆಲ್ಲುವುದೆಂಬ ಆಯ್ಕೆಯೂ ಒಟ್ಟಿಗೆ ಕಾಣಸಿಗುತ್ತವೆ.

ಪ್ಯಾಡಕ್‌ನ, ಅಂದರೆ ಓಟಕ್ಕೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಆವರಣದ, ವರದಿ ಓಟಕ್ಕೆ ಕೆಲವೇ ನಿಮಿಷಗಳ ಮೊದಲು ಬರುತ್ತದೆ. ಬೆವರು, ಮೈಕಾಂತಿ, ನಡಿಗೆಯ ಲಯ, ಮೊದಲ ಬಾರಿ ಬ್ಲಿಂಕರ್ಸ್ (ಅಕ್ಕಪಕ್ಕದ ನೋಟ ಮರೆಮಾಡುವ ಕಣ್ಣುಪಟ್ಟಿ) ತೊಡಿಸಿದ್ದರೆ ಕುದುರೆ ಅದನ್ನು ಸಹಿಸುತ್ತಿರುವ ರೀತಿ ಇವನ್ನು ಚುಟುಕಾಗಿ ತಿಳಿಸುತ್ತಾರೆ. ಓಟದ ಇತಿಹಾಸವಿಲ್ಲದ ಮರಿಗಳ ಓಟಗಳಲ್ಲಿ ಇದಕ್ಕೆ ನಿಜವಾದ ಬೆಲೆ ಇದೆ. ಹಳೆಯ ಕುದುರೆಗಳ ವಿಷಯದಲ್ಲಿ ‘ಬೆವರುತ್ತಿದೆ’ ಎಂದರೆ ಸಾಲದು. ಪ್ರತಿ ಬಾರಿಯೂ ಬೆವರಿಯೇ ಗೆಲ್ಲುವ ಕುದುರೆಗಳಿವೆ, ಆದ್ದರಿಂದ ಅದರ ವಾಡಿಕೆ ಏನೆಂದು ತಿಳಿದವರು ಬರೆದಾಗ ಮಾತ್ರ ಆ ವರದಿಗೆ ಅರ್ಥ ಬರುತ್ತದೆ. ಈ ಸೇವೆಯ ವರದಿಗಾರರಿಗೆ ಆ ನೆನಪು ಇದ್ದಂತೆ ಕಾಣುತ್ತದೆ.

ಈಗ ‘ದಿನದ ಉತ್ತಮ’ಕ್ಕೆ ಬರೋಣ. ಫೇವರಿಟ್ ಕುದುರೆಗಳು, ಅಂದರೆ ಓಟದಲ್ಲಿ ಅತಿ ಕಡಿಮೆ ದರವಿರುವವು, ಸಾಮಾನ್ಯವಾಗಿ ಮೂರು ಓಟಗಳಲ್ಲಿ ಒಂದರಷ್ಟನ್ನು ಗೆಲ್ಲುತ್ತವೆ ಎಂಬುದು ಅನೇಕ ದೇಶಗಳ ದಾಖಲೆಗಳಲ್ಲಿ ಮರಳಿ ಮರಳಿ ಕಂಡುಬರುವ ಸಂಗತಿ. ಆದ್ದರಿಂದ ಫೇವರಿಟನ್ನೇ ದಿನದ ಉತ್ತಮವೆಂದು ಹೆಸರಿಸುತ್ತ ಹೋಗುವವರಿಗೂ ಹೇಳಿಕೊಳ್ಳಲು ಸಾಕಷ್ಟು ಗೆಲುವುಗಳು ಸಿಗುತ್ತವೆ. ಈ ಸೇವೆಯ ಆಯ್ಕೆಗಳಲ್ಲಿ ಬಹುಪಾಲು ಫೇವರಿಟ್‌ಗಳೇ. ಗೆಲ್ಲುವ ಕುದುರೆಯನ್ನು ಹೇಳುವುದು ಒಂದು ಕೆಲಸ. ಅದಕ್ಕೆ ಇರುವ ಸಂಭವಕ್ಕಿಂತ ಹೆಚ್ಚಿನ ದರ ಸಿಗುತ್ತಿದೆಯೇ ಎಂದು ಹೇಳುವುದು ಬೇರೆಯೇ ಕೆಲಸ. ಹದಿನಾಲ್ಕು ಓಟಗಳಲ್ಲಿ ಹದಿನಾಲ್ಕನ್ನೂ ಗೆದ್ದ ಫ್ರಾಂಕೆಲ್ 2012ರಲ್ಲಿ ಗುಡ್‌ವುಡ್‌ನ ಸಸೆಕ್ಸ್ ಸ್ಟೇಕ್ಸ್‌ನಲ್ಲಿ ಓಡಿದಾಗ ಅದರ ದರ 20 ಕಟ್ಟಿದರೆ 1 ಲಾಭ ಎಂಬಷ್ಟಕ್ಕೆ ಇಳಿದಿತ್ತು. ಅದು ಗೆಲ್ಲುತ್ತದೆಂದು ಹೇಳಲು ಯಾರಿಗೂ ಚಂದಾ ಬೇಕಿರಲಿಲ್ಲ.

ಸೇವೆ ಪ್ರತಿಯೊಂದು ಕುದುರೆಯ ಗೆಲುವಿನ ಸಂಭವವನ್ನು ಶೇಕಡಾವಾರಿನಲ್ಲಿ ಕೊಡುವುದು ಈ ದೃಷ್ಟಿಯಿಂದ ಮೆಚ್ಚತಕ್ಕ ಕ್ರಮ. ಶೇ 25 ಎಂದರೆ 3ಕ್ಕೆ 1ರ ದರ ಸರಿಸಮ; ಅದಕ್ಕಿಂತ ಹೆಚ್ಚು ಸಿಕ್ಕರೆ ಬಾಜಿ ಕಟ್ಟಲು ಕಾರಣವಿದೆ, ಕಡಿಮೆ ಸಿಕ್ಕರೆ ಇಲ್ಲ. ಆದರೆ ಒಂದು ಓಟದ ಎಲ್ಲ ಕುದುರೆಗಳ ಸಂಭವವನ್ನು ಕೂಡಿದರೆ ಮೊತ್ತ ನೂರೇ ಆಗಬೇಕು, ಗೆಲ್ಲುವುದು ಒಂದೇ ಕುದುರೆಯಾದ್ದರಿಂದ. ಇಲ್ಲಿ ಕೂಡಿ ನೋಡಿದಾಗ ಹಲವು ಓಟಗಳಲ್ಲಿ ಮೊತ್ತ ನೂರನ್ನು ಚೆನ್ನಾಗಿಯೇ ದಾಟುತ್ತದೆ. ಬುಕ್ಕಿಗಳ ದರಪಟ್ಟಿಯಲ್ಲಿ ಮೊತ್ತ ನೂರನ್ನು ದಾಟುವುದು ಸಹಜ, ಅವರ ಲಾಭ ಇರುವುದೇ ಆ ಹೆಚ್ಚುವರಿಯಲ್ಲಿ; ಓದುಗನ ಪರವಾಗಿ ಅಂದಾಜು ಮಾಡುವವರ ಪಟ್ಟಿಯಲ್ಲಿ ಅದು ದಾಟಿದರೆ ಎಲ್ಲ ಕುದುರೆಗಳಿಗೂ ಇರುವುದಕ್ಕಿಂತ ಹೆಚ್ಚಿನ ಭರವಸೆ ಹಂಚಿದ್ದಾರೆಂದು ಅರ್ಥ. ವಿಚಾರಿಸಿದಾಗ ಅಂಕಿಗಳನ್ನು ಸರಿಹೊಂದಿಸಿದ್ದರಿಂದ ಹಾಗಾಗಿದೆ ಎಂಬ ಉತ್ತರ ಬಂತು. ದಶಾಂಶಗಳನ್ನು ಸರಿಹೊಂದಿಸಿದರೆ ಒಂದೆರಡು ಅಂಕ ಆಚೀಚೆ ಆಗಬಹುದು. ಇಷ್ಟು ದೊಡ್ಡ ಅಂತರಕ್ಕೆ ಅದು ವಿವರಣೆಯಾಗಲಾರದು.

‘ಅಚ್ಚರಿಯ ಕುದುರೆ’ ಎಂಬ ಇನ್ನೊಂದು ಅಂಕಣದಲ್ಲಿ ಪ್ರತಿ ಓಟಕ್ಕೂ ದೊಡ್ಡ ದರದ ಒಂದು ಕುದುರೆಯನ್ನು ತಪ್ಪದೆ ಸೂಚಿಸುತ್ತಾರೆ. ದೊಡ್ಡ ದರದ ಕುದುರೆಗಳ ಮೇಲೆ ಜನ ಅವುಗಳ ಯೋಗ್ಯತೆಗಿಂತ ಹೆಚ್ಚು ಹಣ ಹಾಕುತ್ತಾರೆ, ಫೇವರಿಟ್‌ಗಳ ಮೇಲೆ ತುಸು ಕಡಿಮೆ ಹಾಕುತ್ತಾರೆ ಎಂಬ ಒಲವನ್ನು ಮನಶ್ಶಾಸ್ತ್ರಜ್ಞ ಗ್ರಿಫಿತ್ 1949ರಲ್ಲೇ ಗುರುತಿಸಿದ್ದರು. ಎಂಟು ಓಟಗಳಿಗೆ ಎಂಟು ಅಚ್ಚರಿಗಳನ್ನು ಮೊದಲೇ ನಿಗದಿ ಮಾಡಿಕೊಂಡು ಬರೆಯುವ ಅಂಕಣ ಆ ದೌರ್ಬಲ್ಯಕ್ಕೆ ನೀರೆರೆಯುತ್ತದೆಯೇ ಹೊರತು ಬೇರೇನನ್ನೂ ಮಾಡುವುದಿಲ್ಲ. ಇಂಥ ಕುದುರೆ ಕೆಲವು ಓಟಗಳಲ್ಲಿ ಇರುತ್ತದೆ, ಬಹುಪಾಲು ಓಟಗಳಲ್ಲಿ ಇರುವುದಿಲ್ಲ.

ಸೇವೆ ಮಾರುಕಟ್ಟೆಯ ದರವನ್ನು ಪೂರ್ತಿ ಮರೆತಂತೆ ಬರೆಯುತ್ತದೆ ಎಂಬುದು ನನ್ನ ಮತ್ತೊಂದು ತಕರಾರು. ಹತ್ತೊಂಬತ್ತನೆಯ ಶತಮಾನದ ಅರವತ್ತರ ದಶಕದಲ್ಲಿ ಪ್ಯಾರಿಸ್ಸಿನ ಜೋಸೆಫ್ ಒಲೆರ್ ರೂಪಿಸಿದ, ಇಂದಿನ ಟೋಟ್‌ಗೆ ಮೂಲವಾದ ವ್ಯವಸ್ಥೆಯಲ್ಲಿ ಎಲ್ಲರ ಹಣವೂ ಒಂದೆಡೆ ಸೇರಿ, ನಡೆಸುವವರ ಪಾಲು ಕಳೆದ ಮೇಲೆ ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಅಲ್ಲಿ ನಾವು ಎದುರಿಸುವುದು ಉಳಿದ ಬಾಜಿದಾರರನ್ನು, ಮತ್ತು ಅವರೆಲ್ಲರ ತಿಳಿವಳಿಕೆಯ ಸಾರ ಆ ದರದಲ್ಲೇ ಇರುತ್ತದೆ. ಹಾಂಗ್‌ಕಾಂಗ್‌ನಲ್ಲಿ ಗಣಕಯಂತ್ರದ ಲೆಕ್ಕಾಚಾರದಿಂದ ಅಪಾರ ಹಣ ಗಳಿಸಿದ ಬಿಲ್ ಬೆಂಟರ್ 1994ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಮ್ಮ ಅಂದಾಜನ್ನು ಸಾರ್ವಜನಿಕರ ದರದೊಂದಿಗೆ ಬೆರೆಸಿದಾಗಲೇ ಫಲ ದೊರೆಯಿತೆಂದು ವಿವರಿಸಿದ್ದಾರೆ. ಅಷ್ಟು ಬಲವಾದ ಲೆಕ್ಕಾಚಾರವಿದ್ದವರೇ ಜನರ ದರಕ್ಕೆ ಬೆಲೆ ಕೊಟ್ಟಿರುವಾಗ, ಸೇವೆ ಶೇ 30 ಎಂದ ಕುದುರೆಗೆ ಮಾರುಕಟ್ಟೆ ಶೇ 8ರಷ್ಟನ್ನೇ ಕೊಡುತ್ತಿದ್ದರೆ ತಾನು ಏನನ್ನಾದರೂ ಗಮನಿಸಿಲ್ಲವೇ ಎಂದು ಒಮ್ಮೆ ಅನುಮಾನಿಸುವುದು ಮುನ್ನೋಟಕಾರರಿಗೆ ಅವಮಾನವೇನಲ್ಲ. ಇನ್ನೊಂದು ಮಾತೂ ಇದೆ: ಸಾವಿರಾರು ಚಂದಾದಾರರಿಗೆ ಒಂದೇ ಕ್ಷಣದಲ್ಲಿ ಒಂದೇ ಹೆಸರು ತಲುಪಿದರೆ ಆ ಕುದುರೆಯ ದರ ಆ ಹೆಸರಿನಿಂದಲೇ ಕುಸಿಯುತ್ತದೆ.

ಫಲಿತಾಂಶಗಳ ಪುಟವನ್ನು ಓದುವಾಗ ಇದನ್ನು ನೆನಪಿನಲ್ಲಿಡಬೇಕು. ಗೆದ್ದ ಆಯ್ಕೆಗಳ ಲಾಭವನ್ನು ಅವರು ಆ ದಿನ ಕಾಣಿಸಿಕೊಂಡ ಅತಿ ಹೆಚ್ಚಿನ ದರದಲ್ಲಿ ಲೆಕ್ಕ ಹಾಕುತ್ತಾರೆ. ಸಂದೇಶ ಕೈಸೇರುವ ಹೊತ್ತಿಗೆ ಆ ದರ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಅಂತಿಮ ದರದಲ್ಲಿ, ಪ್ರತಿ ಆಯ್ಕೆಗೂ ಒಂದೇ ಮೊತ್ತ ಕಟ್ಟಿದಂತೆ ಲೆಕ್ಕ ಹಾಕಿದರೆ ಪುಟದಲ್ಲಿ ತೋರಿಸಿದ ಲಾಭ ಕರಗಿ ನಷ್ಟವಾಗುತ್ತದೆ. ಸತತ ಸೋಲುಗಳನ್ನು ಮಾತ್ರ ನಾನು ಅವರ ದೋಷವೆಂದು ಎಣಿಸುವುದಿಲ್ಲ. ನಾಲ್ಕರಲ್ಲಿ ಒಂದು ಗೆಲ್ಲುವ ಆಯ್ಕೆಗಾರರಿಗೆ ಮುಂದಿನ ಹತ್ತು ಆಯ್ಕೆಗಳೂ ಸೋಲುವ ಸಂಭವ ಶೇ 5ಕ್ಕಿಂತ ತುಸು ಹೆಚ್ಚು. ನೂರಾರು ಆಯ್ಕೆಗಳ ಋತುವಿನಲ್ಲಿ ಅಂಥದೊಂದು ಸಾಲು ಬಾರದಿದ್ದರೆ ಅದೇ ಸೋಜಿಗ. ಆದರೆ ಆ ಸಾಲು ಬಂದಾಗ ಹಳೆಯ ಫಲಿತಾಂಶಗಳು ಮುಖಪುಟದಿಂದ ಮಾಯವಾಗಿ ‘ಕಳೆದ ವಾರದ ಗೆಲುವುಗಳು’ ಎಂಬ ಚಿಕ್ಕ ಪಟ್ಟಿ ಅಲ್ಲಿ ಬಂದು ಕೂರುವುದನ್ನು ಕ್ಷಮಿಸಲಾಗದು.

ಚಂದಾ ಎರಡು ದರ್ಜೆಗಳಲ್ಲಿ ದೊರೆಯುತ್ತದೆ. ದುಬಾರಿಯಾದುದರಲ್ಲಿ ‘ದಿನದ ಉತ್ತಮ’, ‘ಅಚ್ಚರಿಯ ಕುದುರೆ’ ಮತ್ತು ಓಟಕ್ಕೆ ಮೊದಲಿನ ಆಯ್ಕೆಯ ಸಂದೇಶಗಳು ಸೇರಿವೆ. ಅಗ್ಗದ್ದರಲ್ಲಿ ಟಿಪ್ಪಣಿಗಳು, ಗತಿಯ ನಕ್ಷೆ, ಪ್ಯಾಡಕ್ ವರದಿ ಇಷ್ಟೇ ಇವೆ. ತಾವೇ ಕುಳಿತು ಕಾರ್ಡ್ ಓದಿ, ಹಿಂದೆಗೆದ ಕುದುರೆಗಳನ್ನೂ ನೆಲದ ಸ್ಥಿತಿಯನ್ನೂ ಗಮನಿಸಿ, ದರವನ್ನು ನೋಡಿ ನಿರ್ಧರಿಸುವ ಅಭ್ಯಾಸವಿರುವವರಿಗೆ ಅಗ್ಗದ ದರ್ಜೆಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ, ಮತ್ತು ನಾನು ಮುಂದಿನ ಋತುವಿಗೆ ನವೀಕರಿಸಿರುವುದೂ ಅದನ್ನೇ. ಅದನ್ನು ಕೊಳ್ಳಲು ಪಾವತಿ ಪುಟದ ಕೆಳಗಿನ ಸಣ್ಣ ಕೊಂಡಿಯನ್ನು ಹುಡುಕಬೇಕಾಗುತ್ತದೆ. ಮೇಲೆ ದೊಡ್ಡದಾಗಿ ಕಾಣುವ ಗುಂಡಿ ದುಬಾರಿ ದರ್ಜೆಯದು.